ಆರೂಕಾಲರ ಕರೆ

ಜಡಿ ಹಿಡಿದು ಮೂರು ದಿನವಾಗಿತ್ತು. ಆ ಬೆಳಿಗ್ಗೆ ಮಳೆ ಬೀಳುತ್ತಲೂ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಚಾಮುಂಡಿ ಬೆಟ್ಟ ಇರಬೇಕಾದ ಕಡೆ ಬರೀ ಬೂದಿ ಬಣ್ಣ. ಅರ್ಧ ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡಿದ್ದ ವಿಶ್ವನಾಥ ರೇಜರು ಬಿಸಾಕಿ ಓಡಿದ. ಮೊಬೈಲಿನಲ್ಲಿ ಹಿನಕಲ್ಲಿನ ತಂಗಿಯ ಮನೆಯ ನಂಬರು. ಗಂಟೆ ಆರೂಕಾಲು.

"ಅವ್ವಾ" ಅಂದ.

ಆಗಲೇ ಕಟ್ಟಾಗಿತ್ತು.

ಒಂದೂವರೆ ತಿಂಗಳಿಂದ ದಿನವೂ ಹೀಗೆ. ಆ ಹೊತ್ತಿಗೆ ಸರಿಯಾಗಿ ಕರೆ ಬರುತ್ತಿತ್ತು. ಇವನು ಗುಂಡಿ ಒತ್ತುವಷ್ಟರಲ್ಲಿ ನಿಲ್ಲುತ್ತಿತ್ತು. ತಿರುಗಿ ಮಾಡಿದರೆ ತಂಗಿ ಮಹದೇವಮ್ಮ ಎತ್ತುತ್ತಿದ್ದಳು.

"ನಾನ್ಯಾಕೆ ಮಾಡ್ಲಣ್ಣ?"

"ಅವ್ವನಿಗೆ ಕೊಡು."

"ಪೂಜೇಲವ್ಳೆ" ಅನ್ನುತ್ತಿದ್ದಳು. ಇವತ್ತೂ ಅದನ್ನೇ ಅಂದಳು.

ಅವ್ವ ಮಾತು ಬಿಟ್ಟು ಮೂರು ವರ್ಷ. ಅಪ್ಪ ಕರಿಬಸವಯ್ಯ ತೀರಿಕೊಂಡ ಹನ್ನೊಂದನೆಯ ದಿನ, ಸ್ವಾಮಿಗಳ ಪಾದೋದಕಕ್ಕೆ ನೆಂಟರೆಲ್ಲ ಬೊಗಸೆ ಒಡ್ಡಿದಾಗ ವಿಶ್ವನಾಥ ಕೈ ಹಿಂದಕ್ಕೆ ಎಳೆದುಕೊಂಡಿದ್ದ. ಅದನ್ನು ಆಗ ನಿಲುವು ಎಂದು ಕರೆದುಕೊಂಡಿದ್ದ. ಅವ್ವ ಪುಟ್ಟಬಸಮ್ಮ ಏನೂ ಅನ್ನಲಿಲ್ಲ. ಆ ಏನೂ ಅನ್ನದಿರುವಿಕೆ ಇನ್ನೂ ಮುಗಿದಿರಲಿಲ್ಲ.

ಈಗ ಅವಳಾಗಿಯೇ ಕರೆ ಮಾಡುತ್ತಿದ್ದಾಳೆ. ಅಂದರೆ ಮಾತಾಡಬೇಕು ಅನ್ನಿಸಿದೆ. ಮತ್ತೆ ಇಡುವುದೇಕೆ?

ಕೆನ್ನೆಯ ಮೇಲೆ ನೊರೆ ಒಣಗಿತ್ತು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಂಸ್ಕೃತದ ಬಿಂದುಮಾಧವ ಕೊಡೆ ಕೊಡವುತ್ತ ಬಂದರು.

"ಏನ್ರೀ ವಿಶ್ವನಾಥ್, ನಿನ್ನೆ ಮೂರು ಸಲ ಮಾಡಿದೆ. ಎತ್ತಲೇ ಇಲ್ಲ."

"ಕ್ಲಾಸಿತ್ತು ಸಾರ್."

"ಒಳ್ಳೇದೇ ಆಯ್ತು ಬಿಡಿ. ಎತ್ತಿದ್ರೆ ನಿಮ್ಮ ತರ್ಕಶಾಸ್ತ್ರ, ಎತ್ತದಿದ್ರೆ ಶಿವಸ್ಮರಣೆ. ಎರಡನೇದೇ ವಾಸಿ ಕಣ್ರೀ."

"ಅದು ನಾನು ಹಾಕಿಸಿದ್ದಲ್ಲ."

"ಮತ್ತೆ ಶಿವನೇ ಬಂದು ಹಾಕಿದನೋ?"

ಎಲ್ಲರೂ ನಕ್ಕರು. ನಡೆದದ್ದು ಇಷ್ಟೇ: ಆಷಾಢಕ್ಕೆ ಮೊದಲು ಒಂದು ಧ್ವನಿಮುದ್ರಿತ ಹೆಂಗಸು ಫೋನಿನಲ್ಲಿ ಭಕ್ತಿಗೀತೆ ಬೇಕೇ ಎಂದು ಕೇಳಿದ್ದಳು. ಅವಳ ಬಾಯಿ ಮುಚ್ಚಿಸಲು ಇವನು ಯಾವುದೋ ಗುಂಡಿ ಒತ್ತಿದ್ದ. ಅಂದಿನಿಂದ ಇವನಿಗೆ ಕರೆ ಮಾಡಿದವರಿಗೆಲ್ಲ ಟ್ರಿಣ್ ಟ್ರಿಣ್ ಬದಲು ಮಂತ್ರ. ಊರಿಗೆಲ್ಲ ಕೇಳಿಸುವ ಅವನ ಭಕ್ತಿ ಅವನೊಬ್ಬನಿಗೆ ಕೇಳಿಸುತ್ತಿರಲಿಲ್ಲ.

ನಗು ನಿಂತ ಮೇಲೆ ಹೊಳೆಯಿತು. ಅವ್ವನಿಗೂ ಅದೇ ಕೇಳಿಸುತ್ತದಲ್ಲ! ಪಾದೋದಕ ಬೇಡವೆಂದ ಮಗ ಫೋನಿನಲ್ಲಿ ಮಂತ್ರ ಹಾಕಿಸಿಕೊಂಡು ಅಣಕಿಸುತ್ತಿದ್ದಾನೆ ಎಂದುಕೊಳ್ಳದೆ ಏನು ಮಾಡಿಯಾಳು? ಅದಕ್ಕೇ ಇಡುತ್ತಾಳೆ. ಮಂತ್ರ ತೆಗೆಸಿದರೆ ಮಾತಾಡುತ್ತಾಳೆ. ಎಷ್ಟು ಸರಳ. ಹುಡುಗರಿಗೆ ಇಂಥದ್ದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ.

ಮಧ್ಯಾಹ್ನ ಕಸ್ಟಮರ್ ಕೇರಿಗೆ ಮಾಡಿದ. ಎರಡು ಒತ್ತಿ ಎಂದರು, ಒತ್ತಿದ. ಒಂಬತ್ತು ಒತ್ತಿ ಎಂದರು, ಒತ್ತಿದ. ಕಾಯಲು ಹೇಳಿ ವೀಣೆ ನುಡಿಸಿದರು. ವೀಣೆ ಮುಗಿದು ಫೋನೂ ಕಟ್ಟಾಯಿತು.

ಕೊನೆಗೆ ಬನ್ನಿಮಂಟಪದ ತನ್ನ ರೂಮಿನ ಕೆಳಗೆ ಮೊಬೈಲಿಗೆ ಹಾಡು ತುಂಬಿಸಿಕೊಡುವ ಗುರುಕಿರಣನ ಅಂಗಡಿಗೆ ಹೋದ.

"ತೆಗೀಬೇಕಾ? ಜನ ದುಡ್ಡು ಕೊಟ್ಟು ಹಾಕಿಸ್ಕೊತಾರೆ ಸಾರ್. ಸುಪ್ರಭಾತ ಹಾಕ್ಲಾ?"

"ಏನೂ ಬೇಡ. ತೆಗಿ."

"ಯಾವುದಿದೆ ನೋಡಾಣ ತಡೀರಿ." ಗುರುಕಿರಣ ತನ್ನ ಫೋನಿನಿಂದ ಒತ್ತಿ ಇವನ ಕಿವಿಗಿಟ್ಟ.

ವಿಶ್ವನಾಥ ಮೊದಲ ಸಲ ಕೇಳಿದ. ಒಂದು ಗಂಡುದನಿ. ಆತುರವಿಲ್ಲದ ದನಿ. ಓಂ ನಮಃ ಶಿವಾಯ. ಹಿಂದೆ ಸಣ್ಣ ಗಂಟೆ. ಯಾರದೋ ಮನೆಯ ಬಾಗಿಲಲ್ಲಿ ನಿಂತು ಒಳಗಿನದನ್ನು ಕೇಳಿದ ಹಾಗೆ ಮುಜುಗರವಾಯಿತು. ಜೇಬಿನಲ್ಲಿ ಅವನದೇ ಫೋನು ಒದರುತ್ತಿತ್ತು.

"ತೆಗಿ" ಅಂದ ಮತ್ತೊಮ್ಮೆ.

ಹುಡುಗ ಏನೇನೋ ಮೆಸೇಜು ಕಳಿಸಿ ಮತ್ತೆ ಒತ್ತಿ ನೋಡಿದ. ಬರೀ ಟ್ರಿಣ್ ಟ್ರಿಣ್.

"ಹೋಯ್ತು ಸಾರ್. ಇನ್ನು ನೀವೂ ನಮ್ಮಂಗೇ."

ನಾಳೆ ಬೆಳಗಿನವರೆಗೆ ಕಾಯಲಾಗಲಿಲ್ಲ. ಫೋನು ಕೈಯಲ್ಲೇ ಹಿಡಿದು ಬಸ್ಸು ಹತ್ತಿದ.

ಹಿನಕಲ್ಲಿನಲ್ಲಿ ಇನ್ನೂ ಬೆಳಕಿತ್ತು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಮಹದೇವಮ್ಮ ಮೊರ ಕೆಳಗಿಟ್ಟಳು.

"ಏನಣ್ಣ, ದಾರಿ ತಪ್ಪಿ ಬಂದ್ಬುಟ್ಟಾ?"

ಅವನು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ದನಿ ಬಂತು. "ಬಾ ಮಗ."

ಮೂರು ವರ್ಷಕ್ಕೆ ಎರಡು ಮಾತು. ಅವನು ಚಾಪೆಯ ಅಂಚಿನಲ್ಲಿ ಕೂತ. ಅವ್ವ ಸಣ್ಣಗಾಗಿದ್ದಳು. ಹಣೆಯ ವಿಭೂತಿ ಮಾತ್ರ ಮೊದಲಿನಷ್ಟೇ ಅಗಲ.

"ಬೆಳಿಗ್ಗೆ ಹೊತ್ತು ಮಾಡ್ತೀಯಲ್ಲವ್ವ. ಯಾಕೆ ಇಟ್ಬುಡ್ತೀಯ?"

ಅವ್ವ ಕಳ್ಳಿಯಂತೆ ನಕ್ಕಳು. "ಗೊತ್ತಾಗ್ಬುಡ್ತಾ? ನೀನು ಪೂಜೆಗೆ ಕೂತಿರ್ತೀಯಲ್ಲಪ್ಪ. ಫೋನಲ್ಲಿ ಚೆನ್ನಾಗಿ ಕೇಳ್ತದೆ, ಗಂಟೆ ಸಮೇತ. ಒಸಿ ಕೇಳಿಸ್ಕೊತೀನಿ. ಆಮೇಲೆ ಎಲ್ಲಿ ಅರ್ಧಕ್ಕೇ ಎದ್ದು ಬಂದೀಯೋ ಅಂತ ಇಟ್ಬುಡ್ತೀನಿ."

ವಿಶ್ವನಾಥ ತಂಗಿಯ ಕಡೆ ನೋಡಿದ. ಅವಳು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು.

"ದನಿ ಒಸಿ ದಪ್ಪ ಆಗದೆ. ನೆಗಡಿಯಾ?"

"ಅವ್ವ, ಅದು ನಾನಲ್ಲ..."

"ಸುಮ್ನಿರು. ನಂಗೆ ಯಾವ್ದೂ ಹೇಳ್ಬೇಡ. ಪೂಜೆ ಏನು ಹೇಳ್ಕೊಂಡು ಮಾಡೋದಾ? ನಿಮ್ಮಪ್ಪನೂ ಹಂಗೇ. ನಾಳೆನೂ ಮಾಡ್ತೀನಿ. ಎತ್ತಬೇಡ."

ಅವನಿಗೆ ತಡೆಯಲಾರದ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ನಿಜ ಹೇಳಿದರೆ ಈ ಮಾತೂ ನಿಲ್ಲುತ್ತದೆ. ಹೇಳದಿದ್ದರೆ ನಾಳೆ ಆರೂಕಾಲಕ್ಕೆ ಬರೀ ಟ್ರಿಣ್ ಟ್ರಿಣ್ ಕೇಳಿ ಅವಳೇ ತಿಳಿಯುತ್ತಾಳೆ. ಮೂರನೆಯ ದಾರಿ ಅವನ ಶಾಸ್ತ್ರದಲ್ಲಿರಲಿಲ್ಲ.

ಪುಟ್ಟಬಸಮ್ಮ ಸೊಂಟದ ಮಡಿಲಿಗೆ ಕೈ ಹಾಕಿ ಲಿಂಗವಿಡುವ ಒಂದು ಪುಟ್ಟ ಬೆಳ್ಳಿ ಕರಡಿಗೆ ತೆಗೆದಳು.

"ಹಾಸ್ಟೆಲಿಗೆ ಹೋಗೋವಾಗ ನೀನು ಗೂಟಕ್ಕೆ ನೇತಾಕಿ ಹೋಗಿದ್ದೆ. ನಂದ್ರ ಜೊತೆಗೆ ಇದಕ್ಕೂ ನಾನೇ ನೀರು ಹಾಕ್ತಿದ್ದೆ, ಇಪ್ಪತ್ಮೂರು ವರ್ಷ. ಈಗ ನೀನೇ ಮಾಡ್ತಿದ್ದೀಯ. ನಾನು ಮಡಿಕೊಂಡಿದ್ರೆ ತಪ್ಪಾಯ್ತದೆ. ಎಡಗೈ ಕೊಡು."

ಅವನ ಎಡಗೈಯಲ್ಲಿ ಫೋನಿತ್ತು. ಅವಳೇ ಅದನ್ನು ಬಿಡಿಸಿ ಚಾಪೆಯ ಮೇಲಿಟ್ಟಳು. ಕರಡಿಗೆ ಬಿಚ್ಚಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು, ಅವನ ಬರಿಗೈಯ ಮೇಲೆ ಇಟ್ಟಳು.

ಅದು ಅವಳ ಮೈಯ ಶಾಖಕ್ಕೆ ಬೆಚ್ಚಗಿತ್ತು. ಅವನ ಅಂಗೈಯಲ್ಲಿ ನಿಧಾನವಾಗಿ ಆರತೊಡಗಿತು.