ಮೆಹಂದಿ ಕೈ, ನೀರಿನ ಸದ್ದು

ಲಕ್ಷ್ಮೇಶ್ವರದ ಬಜಾರದ ಹಿಂದಿನ ಓಣಿಯಲ್ಲಿ ನೂರೀನ ತನ್ನ ಮನೆಯ ಮುಂದಿನ ಖೋಲಿಯನ್ನು ಮೆಹಂದಿ ಪಾರ್ಲರ್ ಮಾಡಿಕೊಂಡಾಗ ಎಲ್ಲವೂ ಸರಿಯಾಗಿಯೇ ಇತ್ತು, ಮೀನಿನ ತೊಟ್ಟಿಯೊಂದನ್ನು ಬಿಟ್ಟು. ಅದು ಉಪ್ಪುನೀರಿನ ತೊಟ್ಟಿ. ಗಂಡ ಶಫೀಕ ಗದಗಿನಿಂದ ತಂದದ್ದು. ಹೋದ ವರ್ಷ ಶಫೀಕ ತೀರಿಕೊಂಡ. ಅವನ ಎರಡು ಕಿತ್ತಳೆ ಮೀನು ಉಳಿದವು. ಸಮುದ್ರದ ಗಾಳಿಯೂ ಸುಳಿಯದ ಈ ಊರಿನಲ್ಲಿ ಅವಕ್ಕೆ ಉಪ್ಪು ಅಳೆದು ನೀರು ಕಲಸುವುದನ್ನು ಮಾತ್ರ ನೂರೀನ ಒಂದು ದಿನವೂ ತಪ್ಪಿಸಿರಲಿಲ್ಲ.

ತೊಂದರೆ ಸದ್ದಿನದು. ತೊಟ್ಟಿಯ ನೀರು ಒಂದು ಕೊಳವೆಯಲ್ಲಿ ಇಳಿದು, ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರಬೇಕು. ಪಾರ್ಲರಿಗೆ ಸಾಗಿಸುವಾಗ ಹಳೆಯ ಕೊಳವೆ ಮುರಿದು, ನೂರೀನ ಮೊಬೈಲಿನಲ್ಲಿ ವಿಡಿಯೋ ನೋಡಿ ತಾನೇ ಹೊಸದು ಜೋಡಿಸಿದ್ದಳು. ಅಂದಿನಿಂದ ಅದು ಸ್ವಲ್ಪ ಹೊತ್ತು ತೆಪ್ಪಗಿರುವುದು, ಆಮೇಲೆ ಪಾಯಖಾನೆಯಲ್ಲಿ ಯಾರೋ ಫ್ಲಶ್ ಎಳೆದಂತೆ ಗಳಗಳನೆ ನೀರಿಳಿಸುವುದು. ಆ ರಭಸಕ್ಕೆ ಕೆಳಗೆದ್ದ ಗುಳ್ಳೆ ಪಂಪಿನೊಡನೆ ಏರಿ ಮೇಲಿನ ತೊಟ್ಟಿ ಸೋಡಾ ಬಾಟಲಿಯಾಗುವುದು.

ಮೊಣಕೈವರೆಗೆ ಹಸಿ ಮೆಹಂದಿ ಹಚ್ಚಿಸಿಕೊಂಡು ಕೂತ ಮದುಮಗಳು ಇದನ್ನು ಎಷ್ಟು ಹೊತ್ತು ಕೇಳಿಯಾಳು? ಮೊದಲು ಕಾಲು ಅಲ್ಲಾಡುವುದು, ಆಮೇಲೆ ಮಾತು ನಿಲ್ಲುವುದು, ಆಮೇಲೆ ಮುಖ ಕೆಂಪಾಗುವುದು. ಎರಡೂ ಕೈ ಮೇಲೆತ್ತಿಕೊಂಡು ಬಚ್ಚಲಿಗೆ ಓಡಿದವಳ ಬೆನ್ನಿಗೆ ಲಾಡಿ ಬಿಚ್ಚಲು ಓಡುವವಳು ಅತ್ತೆ ಖಾತುನಬಿ. ಮುಳಗುಂದದ ಒಬ್ಬಳಂತೂ ಅವಸರದಲ್ಲಿ ಬಚ್ಚಲ ಬಾಗಿಲಿಗೆ ಅಂಗೈಯನ್ನು ಅಚ್ಚೊತ್ತಿಯೇ ಹೋಗಿದ್ದಳು.

ಇವತ್ತು ಬರುವವಳು ಸೊರಟೂರಿನ ಶೃತಿ, ಕೈಗೂ ಕಾಲಿಗೂ. ಖಾತುನಬಿ ಬೆಳಿಗ್ಗೆಯೇ ಷರತ್ತು ಹಾಕಿದಳು.

"ಶಫೀಕನ ಮೀನ ಅಂತ ಇಷ್ಟ ದಿನಾ ನಾ ತಡಕೊಂಡೆ. ಗಿರಾಕಿ ತಡಕೋಬೇಕಲ್ಲ? ಇವತ್ತ ಒಬ್ಬಾಕಿ ಎದ್ದರೂ ತೊಟ್ಟಿ ಗದಗಿಗೆ ವಾಪಸ್."

ಪಂಪು ಬಂದ್ ಮಾಡುವಂತಿರಲಿಲ್ಲ. ಒಮ್ಮೆ ಮಾಡಿದಾಗ ನಿಂತ ನೀರಿನಲ್ಲಿ ಉಸಿರಾಡಲಾಗದೆ ಮೀನುಗಳು ಮೇಲೆ ಬಂದು ಬಾಯಿ ಬಿಟ್ಟಿದ್ದವು. ನೂರೀನ ಕೊಳವೆಗೆ ಬಟ್ಟೆ ಸುತ್ತಿ ನೋಡಿದಳು, ದಿಂಬು ಒತ್ತಿ ನೋಡಿದಳು. ಖಾತುನಬಿ ಬಗ್ಗಿ ಕೆಳಗಿನ ಪೆಟ್ಟಿಗೆಯ ನೊರೆ ನೋಡಿದಳು, ಬೇಳೆ ಉಕ್ಕಿದ ಹಾಗೆಯೇ ಇದೆ ಎಂದಳು, ಒಳಗೆ ಹೋದಳು. ಬೇಳೆ ಉಕ್ಕಿದರೆ ಏನು ಮಾಡಬೇಕೆಂದು ಯಾವ ಹೆಣ್ಣಿಗೆ ಗೊತ್ತಿಲ್ಲ? ಚಮಚೆಯಲ್ಲಿ ಶೇಂಗಾ ಎಣ್ಣೆ ಹಿಡಿದು ಬಂದು ಇನ್ನೇನು ಸುರಿಯಬೇಕು, ನೂರೀನ ಅತ್ತೆಯ ಕೈ ಹಿಡಿದಳು. ಎಣ್ಣೆ ಖಾತುನಬಿಯ ಕಾಲ ಮೇಲೆಯೇ ಬಿತ್ತು.

"ಅತ್ತಿ, ಮೀನಿಗೆ ಒಗ್ಗರಣಿ ಹಾಕ್ತೀರೇನ?"

ಖಾತುನಬಿ ಕಾಲು ಒರೆಸಿಕೊಳ್ಳುತ್ತ ಕಿಸಕ್ಕೆಂದಳು. ನೂರೀನಳಿಗೂ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದದ್ದಕ್ಕೋ ಏನೋ, ಅದು ನಿಲ್ಲಲೇ ಇಲ್ಲ. ನಗುತ್ತಲೇ ಶೃತಿಗಾಗಿ ಕೋನು ಕಟ್ಟಲು ಕೂತಳು. ಕೋನಿನ ತುದಿಯನ್ನು ಎಂದಿನಂತೆ ಕೂದಲೆಳೆಯಷ್ಟು ಕತ್ತರಿಸಿದಳು. ತೂತು ದೊಡ್ಡದಾದರೆ ಕೋನು ಕೆಟ್ಟಿತು. ಕತ್ತರಿ ಹಾಗೇ ನಿಂತಿತು.

ಕೊಳವೆಯ ಮುಚ್ಚಳದಲ್ಲಿ ಗಾಳಿಗೊಂದು ತೂತು ಮಾಡಿ ಎಂದು ವಿಡಿಯೋದವನು ಹೇಳಿದ್ದ. ಅವಳ ಕೈ ಕೋನಿನ ರೂಢಿಯಂತೆ ಸೂಜಿಯಿಂದ ಕೂದಲೆಳೆಯಷ್ಟೇ ಚುಚ್ಚಿತ್ತು. ಗಾಳಿ ಸಾಲದೆ ಕೊಳವೆ ಉಸಿರು ಕಟ್ಟಿ, ಆಮೇಲೆ ನೀರನ್ನೆಲ್ಲ ಒಮ್ಮೆಲೇ ಎಳೆಯುತ್ತಿತ್ತು!

ದಬ್ಬಣ ಕಾಸಿ ತೂತನ್ನು ಒಂದಿಷ್ಟು ಹಿಗ್ಗಿಸಿದಳು. ಫ್ಲಶ್ ಹೋಗಿ ಗೊರಕೆಯಾಯಿತು. ಮತ್ತೊಂದಿಷ್ಟು. ಗೊರಕೆ ಹೋಗಿ ಪಿಸುಮಾತಾಯಿತು. ಇನ್ನೊಂದು ಚೂರು, ಪಿಸುಮಾತೂ ಹೋಯಿತು. ಕೊಳವೆಯ ಕೆಳತುದಿಯನ್ನು ಪೆಟ್ಟಿಗೆಯ ನೀರಿನೊಳಗೆ ಮುಳುಗಿಸಿ, ಮೆಹಂದಿ ಪುಡಿ ಸೋಸಲು ತಂದಿದ್ದ ಹೊಸ ಬಟ್ಟೆಯನ್ನು ಅದರ ಬಾಯಿಗೆ ಚೀಲದಂತೆ ಕಟ್ಟಿದಳು. ಗುಳ್ಳೆಗಳು ಬಟ್ಟೆಯಲ್ಲೇ ಉಳಿದವು. ಮೇಲಿನ ನೀರು ತಿಳಿಯಾಯಿತು. ಮೀನುಗಳು ಈಗಷ್ಟೇ ಕಣ್ಣಿಗೆ ಬಿದ್ದವೇನೋ ಎಂಬಂತೆ ಹೊಳೆದವು.

ಶೃತಿ ಬಂದಳು, ಕೂತಳು. ಕೈ ಮುಗಿಯಿತು, ಕಾಲೂ ಮುಗಿಯಿತು. ಅವಳು ಮದುವೆ ಸೀರೆಯಿಂದ ಹಿಡಿದು ನಾದಿನಿಯ ಮೂಗಿನವರೆಗೆ ಮಾತಾಡಿದಳೇ ಹೊರತು ಅಲ್ಲಾಡಲಿಲ್ಲ. ಲಾಡಿಗೆ ಓಡುವ ಕೆಲಸವಿಲ್ಲದ ಖಾತುನಬಿ ಚಹಾದ ಮೇಲೆ ಚಹಾ ಕುಡಿದು, ಕೊನೆಗೆ ತನ್ನ ಎರಡೂ ಕೈ ಮುಂದೆ ಚಾಚಿದಳು. ಶಫೀಕ ಹೋದ ಮೇಲೆ ಅವಳು ಮೆಹಂದಿ ಮುಟ್ಟಿರಲಿಲ್ಲ. ನೂರೀನ ಎರಡೂ ಅಂಗೈ ನಡುವೆ ದುಂಡಗಿನ ಚಂದ್ರ ತುಂಬಿ, ಬೆರಳ ತುದಿಗೆಲ್ಲ ಟೊಪ್ಪಿಗೆ ತೊಡಿಸಿದಳು.

ಸ್ವಲ್ಪ ಹೊತ್ತಿನಲ್ಲಿ ಖಾತುನಬಿಯ ಕಾಲು ಅಲ್ಲಾಡಿತು. ಆಮೇಲೆ ಮಾತು ನಿಂತಿತು.

"ಯಾಕಬೇ ಅಜ್ಜಿ, ಸುಮ್ಮನಾದಿ?" ಎಂದಳು ಶೃತಿ.

ಖಾತುನಬಿಯ ಮುಖ ಕೆಂಪಾಯಿತು. ಎರಡೂ ಕೈ ಮೇಲೆತ್ತಿಕೊಂಡು ಎದ್ದಳು.

"ಅತ್ತಿ, ಒಬ್ಬಾಕಿ ಎದ್ದರೂ ಅಂದಿದ್ರಿ," ಎಂದಳು ನೂರೀನ.

"ನಾ ಏನ್ ಗಿರಾಕಿ ಏನಲೇ? ಮನಿಯಾಕಿ. ಚಹಾ ಕುಡದಾಕಿ ನಾನು, ಮೀನಿಂದೇನ ತಪ್ಪ? ಅವು ಇಲ್ಲೇ ಇರ್ಲಿ, ನೀ ಜಲ್ದಿ ಬಾ."

ನೂರೀನ ಬರುವುದಾದರೂ ಹೇಗೆ? ನಕ್ಕು ನಕ್ಕು ನೆಲಕ್ಕೇ ಕೂತುಬಿಟ್ಟಿದ್ದಳು. ಅವಳು ಗೋಡೆ ಹಿಡಿದು ಎದ್ದು, ಅತ್ತೆಯ ಸೀರೆ ಹಿಡಿಯಲು ಓಡುವಷ್ಟರಲ್ಲಿ ಖಾತುನಬಿ ಬಚ್ಚಲ ಬಾಗಿಲು ತಳ್ಳಿಯಾಗಿತ್ತು. ಮುಳಗುಂದದವಳ ಅಂಗೈಯಚ್ಚಿನ ಪಕ್ಕದಲ್ಲಿ ಚಂದ್ರನೊಬ್ಬ ಮೂಡಿದ.