ಬೆನ್ನು ತಿರುಗಿಸಿದ ಸಭೆ

ದೇವರು ಮಾತನ್ನು ಎಲ್ಲರಿಗೂ ಕೊಟ್ಟ. ಅದು ಹೊರಬರುವ ಬಾಗಿಲನ್ನು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕಡೆ ಇಟ್ಟ. ನಮ್ಮ ಬೀದಿಯ ಕ್ಷೌರಿಕನಿಗೆ ಆ ಬಾಗಿಲು ಇದ್ದದ್ದು ಗಿರಾಕಿಯ ತಲೆಯ ಹಿಂದೆ. ಕುರ್ಚಿಯಲ್ಲಿ ಕೂತವನ ಕೊರಳಿಗೆ ಬಿಳಿ ಬಟ್ಟೆ ಸುತ್ತಿ, ಎರಡು ಬೆರಳಿನಿಂದ ತಲೆಯನ್ನು ಮೆಲ್ಲಗೆ ಬಾಗಿಸಿದನೆಂದರೆ ಅವನ ನಾಲಿಗೆ ಕತ್ತರಿಗಿಂತ ಚುರುಕಾಗುತ್ತಿತ್ತು. ಅದೇ ಗಿರಾಕಿ ಎದ್ದು ಎದುರು ನಿಂತರೆ ಮುಗಿಯಿತು. ‘ಹೋಗಿ ಬನ್ನಿ’ ಎನ್ನುವುದನ್ನೂ ಅವನು ಬಾಚಣಿಗೆಗೇ ಹೇಳುತ್ತಿದ್ದ. ಕಣ್ಣಿಗೆ ಕಣ್ಣು ಕೂಡೀತೆಂದು ಅಂಗಡಿಯ ಕನ್ನಡಿಯನ್ನು ಕೊಂಚ ಕೆಳಗೇ ತೂಗುಹಾಕಿದ್ದ. ಅದರಲ್ಲಿ ಗಿರಾಕಿಗೆ ತನ್ನ ಮುಖವೂ ಕ್ಷೌರಿಕನ ಅಂಗಿಯ ಗುಂಡಿಯೂ ಕಾಣುತ್ತಿದ್ದವು, ಅಷ್ಟೇ.

ಅವನು ಆಡುತ್ತಿದ್ದುದೆಲ್ಲ ಮಗಳ ಮಾತು. ತಾಯಿಯಿಲ್ಲದೆ ಬೆಳೆದವಳು. ಅವಳ ಜಾಣತನ, ಅವಳ ತುಂಟತನ ಊರಿನ ತಲೆಗಳಿಗೆಲ್ಲ ಬಾಯಿಪಾಠ. ಕೇಳದೆ ಉಳಿದದ್ದು ಒಂದೇ ತಲೆ, ಮಗಳದು. ಮನೆಯಲ್ಲಿ ಎದುರು ಕೂತು ಉಣ್ಣುವಾಗ “ಉಪ್ಪು ಸರಿಯಾಗಿದೆ” ಎನ್ನುವುದಕ್ಕಿಂತ ಹೆಚ್ಚಿಗೆ ಅವನು ಆಡಿದವನಲ್ಲ.

ಮದುವೆ ಗೊತ್ತಾದ ಮೇಲೆ ಮಗಳು ಒಂದು ದಿನ ಹಿಡಿದು ಕೂರಿಸಿದಳು.

“ಅಪ್ಪಾ, ನಂಗೆ ಬೇರೇನೂ ಬೇಡ. ‘ನಿಮ್ಮಪ್ಪ ನಿನ್ನ ಬಗ್ಗೆ ಏನ್ ಹೇಳ್ತಾರೆ ಗೊತ್ತಾ’ ಅಂತ ಬೀದೀಲಿ ಹೋಗೋರು ಬರೋರೆಲ್ಲ ಕೇಳ್ತಾರೆ. ನಂಗೊಬ್ಳಿಗೇ ಗೊತ್ತಿಲ್ಲ. ಮದುವೇಲಿ ಎರಡು ಮಾತು ಹೇಳು. ನನ್ನ ಕಿವೀಲಿ ಕೇಳ್ಬೇಕು.”

“ಅಷ್ಟು ಜನರೆದುರು ಯಾಕಮ್ಮ?”

“ಸರಿ, ಈಗ ಯಾರೂ ಇಲ್ಲ. ಈಗ್ಲೇ ಹೇಳು.”

ಅವನು ಬಹಳ ಹೊತ್ತು ಯೋಚಿಸಿ, “ಉಪ್ಪು ಸರಿಯಾಗಿದೆ” ಎಂದ. ಆಗ ಅವರು ಉಣ್ಣುತ್ತಲೂ ಇರಲಿಲ್ಲ.

ಮದುವೆಯ ದಿನ ಬಂತು. ಬೀಗರು ವಕೀಲರು, ಮೈಕು ಹಿಡಿದವರು ಬಿಡಲೇ ಇಲ್ಲ. ಕೊನೆಗೂ ಬಿಟ್ಟು ಮುಂದಿನ ಸಾಲಿನಲ್ಲಿ ಕೂತರು. ಕ್ಷೌರಿಕನ ಅಕ್ಕ ತಮ್ಮನ ಬೆನ್ನಿಗೆ ಕೈಹಚ್ಚಿ ನೂಕಿದಳು.

“ಹೋಗೋ, ಅಲ್ಲೇನು ಹುಲಿ ಕೂತಿದ್ಯಾ?”

“ಹುಲಿ ಆಗಿದ್ರೆ ಒಂದೇ ಮುಖ ಇರ್ತಿತ್ತಲ್ಲಕ್ಕಾ.”

ವೇದಿಕೆ ಹತ್ತಿ ನೋಡಿದ. ವರ್ಷಗಟ್ಟಲೆ ತಾನು ತಡವಿದ ತಲೆಗಳೇ ಎಲ್ಲ. ಆದರೆ ಅವುಗಳ ಮುಂಭಾಗದಲ್ಲಿ ಇಷ್ಟೊಂದು ಮೂಗುಗಳಿವೆ ಎಂದು ಅವನಿಗೆ ತಿಳಿದಿರಲಿಲ್ಲ. ಬಾಯಿ ತೆರೆದಾಗ ಬಂದದ್ದು ರೂಢಿಯ ಮಾತು:

“ಹೇಗ್ ಮಾಡ್ಲಿ ಸಾರ್? ಚಿಕ್ಕದಾಗಿ ಮಾಡ್ಲಾ?”

“ಚಿಕ್ಕದಾಗೇ ಮಾಡಪ್ಪ, ಊಟ ಆರ್ತಾ ಇದೆ!” ಎಂದು ಹಿಂದಿನಿಂದ ಅಂಚೆಯವನು ಕೂಗಿದ.

ಸಭೆ ಗೊಳ್ಳೆಂದಿತು. ಕ್ಷೌರಿಕ ಜೇಬಿನಿಂದ ಬಾಚಣಿಗೆ ತೆಗೆದು, ಮೈಕಿನ ತಲೆಗಿದ್ದ ಸ್ಪಂಜನ್ನು ಮೆತ್ತಗೆ ಬಾಚತೊಡಗಿದ. ಕರ್‍ರ್, ಕರ್‍ರ್ ಎಂಬ ಸದ್ದು ಸಭಾಂಗಣವನ್ನೆಲ್ಲ ತುಂಬಿತು. ನಗು ನಿಂತಿತು. ಬಾಚುವುದು ನಿಲ್ಲಲಿಲ್ಲ. ಮಗಳ ಕಣ್ಣು ತುಂಬಿತು. “ಬಿಡಪ್ಪಾ, ಬೇಡ” ಎಂದು ಅವಳು ವೇದಿಕೆಯ ಮೇಲಿನ ತನ್ನ ಕುರ್ಚಿಯಿಂದ ಏಳಲಿದ್ದಳು.

ಅಷ್ಟರಲ್ಲಿ ಸಭೆಯ ನಡುವಿನಿಂದ ಮುದಿ ಮೇಷ್ಟ್ರು ಎದ್ದರು. “ಎಲ್ಲ ಏಳ್ರಯ್ಯಾ! ಕುರ್ಚಿ ತಿರುಗಿಸ್ರಿ! ಅವನಿಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ!”

ಗರಗರ ಸದ್ದಿನೊಂದಿಗೆ ಇಡೀ ಸಭೆ ಹಿಂದಿನ ಗೋಡೆಯ ಕಡೆ ತಿರುಗಿತು. ಫೋಟೋದವನು “ಈ ಕಡೆ ನೋಡಿ, ಈ ಕಡೆ!” ಎಂದು ಬಡಕೊಂಡ. ಯಾರು ಕೇಳುತ್ತಾರೆ? ಆ ಮದುವೆಯ ಆಲ್ಬಮ್ಮಿನಲ್ಲಿ ಇಂದಿಗೂ ನೆಂಟರೆಲ್ಲರ ಬುರುಡೆಗಳೇ ಇವೆ.

“ಇದೇನ್ರೀ ಅವಮರ್ಯಾದೆ!” ಎಂದು ಬೀಗರು ಗುಡುಗಿದರು.

“ತಿರುಗ್ರೀ ಸುಮ್ನೆ” ಎಂದು ಬೀಗಿತ್ತಿ ತೋಳು ಜಗ್ಗಿದರು.

ಬೀಗರು ತಿರುಗಿದ್ದೇ ಹೊಸ ತೊಡಕಾಯಿತು. ಅವರ ತಲೆ ಹಿಂದಿನಿಂದಲೂ ಮುಖದಂತೆಯೇ ಇತ್ತು. ನುಣ್ಣಗೆ ಹೊಳೆಯುತ್ತ ಕ್ಷೌರಿಕನನ್ನೇ ದಿಟ್ಟಿಸುತ್ತಿತ್ತು. ಅವನು ಮತ್ತೆ ಬಾಚಣಿಗೆಗೆ ಕೈಹಾಕಿದ. ಬೀಗಿತ್ತಿ ಅರ್ಥಮಾಡಿಕೊಂಡು ಗಂಡನ ತಲೆಯ ಮೇಲೆ ಕರವಸ್ತ್ರ ಹೊದಿಸಿದರು.

ಆಗ ಅವನ ಹೆಗಲು ಇಳಿಯಿತು. ಉಸಿರು ಬಿಟ್ಟು, “ತಲೆ ಸ್ವಲ್ಪ ಬಗ್ಗಿಸಿ” ಎಂದ.

ಇಡೀ ಸಭೆ ತಲೆ ಬಾಗಿಸಿತು. ಹೊಸಬರು ಬಂದಿದ್ದರೆ ಪ್ರಾರ್ಥನೆ ಎಂದುಕೊಳ್ಳುತ್ತಿದ್ದರು. ನಾನಂತೂ ಕೈಯನ್ನೂ ಮುಗಿದೆ.

“ನಮ್ಮ ಹುಡುಗಿ ಚಿಕ್ಕೋಳಿದ್ದಾಗ ಅಂಗಡೀಲಿ ಬಿದ್ದ ಕೂದಲೆಲ್ಲ ಗುಡಿಸಿ ಮೂಲೇಲಿ ರಾಶಿ ಹಾಕೋಳು. ಯಾಕಮ್ಮ ಅಂದ್ರೆ, ‘ಚಳಿ ಆದಾಗ ವಾಪಸ್ ಕೇಳ್ತಾರಪ್ಪಾ’ ಅನ್ನೋಳು…”

“ಮೇಷ್ಟ್ರ ಟೋಪಿ!” ಎಂದು ಬೆನ್ನೊಂದು ನೆನಪಿಸಿತು.

“ಅದೇ, ಬಂದೆ. ಮೇಷ್ಟ್ರು ಮರೆತ ಟೋಪಿ ತೊಗೊಳ್ಳೋಕೆ ಬಂದ್ರೆ, ಅದರ ತುಂಬ ಕೂದಲು ತುಂಬಿ ಕೊಟ್ಟಳು. ‘ನಿಮ್ದು ಯಾವ್ದು ಗೊತ್ತಾಗ್ಲಿಲ್ಲ, ಎಲ್ಲಾರ್ದೂ ಸ್ವಲ್ಪ ಸ್ವಲ್ಪ ಹಾಕಿದೀನಿ’ ಅಂದ್ಳು.”

ಬೆನ್ನುಗಳೆಲ್ಲ ನಗೆಯಿಂದ ಕುಣಿದವು. ಅವನು ನಿಲ್ಲಲಿಲ್ಲ.

“ಇವಳಮ್ಮ ಹೋದ್ಮೇಲೆ ನನ್ನ ಕೈ ನಡುಗೋಕೆ ಶುರುವಾಯ್ತು. ಕತ್ತರಿ ಹಿಡಿಯೋಕಾಗ್ಲಿಲ್ಲ, ಅಂಗಡಿ ಮುಚ್ಚಿದೆ. ಒಂದಿನ ಈ ಮಗು ಬಾಗಿಲು ತೆಗೆಸಿ ಕುರ್ಚಿ ಹತ್ತಿ ಕೂತ್ಕೊಂಡ್ತು. ‘ನನ್ನ ತಲೇಲಿ ಕಲ್ತ್ಕೋ ಅಪ್ಪಾ, ಸೊಟ್ಟ ಆದ್ರೂ ಪರವಾಗಿಲ್ಲ’ ಅಂತು.”

ಇದನ್ನು ಯಾವ ತಲೆಯೂ ಕೇಳಿರಲಿಲ್ಲ. ನೆನಪಿಸುವವರು ಯಾರೂ ಇರಲಿಲ್ಲ. ಮಾತು ತಡೆದು ಅವನು ಪಕ್ಕಕ್ಕೆ ನೋಡಿದ. ಮಗಳು ಅವನನ್ನೇ ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಸಿಕ್ಕಿ ಬಾಯಿ ಕಟ್ಟಿಹೋಯಿತು.

ಮಗಳು ತನ್ನ ಕುರ್ಚಿಯನ್ನು ಎಳೆದು ತಂದು, ಅಪ್ಪನ ಮುಂದಿಟ್ಟು, ಅವನಿಗೆ ಬೆನ್ನುಮಾಡಿ ಕೂತಳು.

ಅವನು ಎರಡು ಬೆರಳಿನಿಂದ ಅವಳ ತಲೆಯನ್ನು ಮೆಲ್ಲಗೆ ಬಾಗಿಸಿದ.

“ಸೊಟ್ಟನೇ ಆಯ್ತು. ಅದೇ ತಲೇಲಿ ಶಾಲೆಗೆ ಹೋದೆ ನೀನು. ಯಾರು ಕೇಳಿದ್ರೂ, ‘ನಮ್ಮಪ್ಪ ಮಾಡಿದ್ದು’ ಅಂದ್ಯಂತೆ. ಅವತ್ತು ನಿಂತಿದ್ದು ಕಣಮ್ಮ ನನ್ನ ಕೈ ನಡುಕ.”

ಸಭೆ ತಗ್ಗಿಸಿದ ತಲೆ ಎತ್ತಲಿಲ್ಲ. ಅವನು ಅಭ್ಯಾಸಬಲದಿಂದ ಮಗಳ ಹೆಗಲ ಮೇಲಿಲ್ಲದ ಕೂದಲನ್ನು ಕೊಡವಿ ಕೇಳಿದ:

“ಸಾಕಾ?”

“ಇನ್ನೂ ಸ್ವಲ್ಪ, ಅಪ್ಪಾ” ಎಂದಳು ಮಗಳು, ತಿರುಗದೆ.