ಪಂಡರಿ ಕೇಳಿದ ಅರ್ಧ ಮಾತು

ಪಂಡರಿಗೆ ಯಾವ ಮಾತನ್ನೂ ಪೂರ್ತಿ ಕೇಳುವ ಅಭ್ಯಾಸವೇ ಇಲ್ಲ. ಬೆಳಿಗ್ಗೆ ಪಂಚಾಯಿತಿಯ ಆಟೋ ಮೈಕು ಕಟ್ಟಿಕೊಂಡು ಮುಡಬಿಯ ಓಣಿ ಓಣಿ ತಿರುಗಿತ್ತು. ಸಿಡಿಲಿನ ದಿನಗಳು, ಗುಡುಗು ಕೇಳಿದ ಕೂಡಲೇ ಪಕ್ಕಾ ಮನೆ ಸೇರಿರಿ, ಮರದ ಕೆಳಗೆ ನಿಲ್ಲಬೇಡಿರಿ, ಚಾರ್ಜಿಗೆ ಹಾಕಿದ ಮೊಬೈಲ್ ಮುಟ್ಟಬೇಡಿರಿ ಎಂದು ಗಂಟಲು ಹರಿದುಕೊಂಡಿತ್ತು.

"ಕೇಳಿದ್ರೇನ್ರಿ?" ಎಂದಳು ಸಖುಬಾಯಿ, ಗಂಡನ ರೊಟ್ಟಿಯ ಗಂಟು ಕಟ್ಟುತ್ತ.

"ಕೇಳೀನಿ ಬಿಡು. ಗುಡುಗಿದ್ರ ಮೊಬೈಲ್ ಬಂದ್ ಮಾಡ್ಬೇಕಂತ."

ಅಷ್ಟೇ! ಅಷ್ಟು ಕೇಳಿ ಆಡು ಹೊಡೆದುಕೊಂಡು ಹೊರಟೇಬಿಟ್ಟ.

ಹೊತ್ತು ಇಳಿಯುವಾಗ ಬಸವಕಲ್ಯಾಣದ ಕಡೆಯಿಂದ ಮೋಡ ಕವಿಯಿತು. ಊರ ಅಂಚಿನ ತನ್ನ ಸ್ಲ್ಯಾಬಿನ ಮನೆಯ ಬಾಗಿಲಲ್ಲಿ ನಿಂತು ಸಖುಬಾಯಿ ನೋಡುತ್ತಾಳೆ, ಆಡುಗಳೆಲ್ಲ ಹೊಲದಾಚೆಯ ಒಂಟಿ ಹುಣಸೆಮರದ ಕೆಳಗೆ! ಒಂದು ಹನಿ ಬಿದ್ದರೂ ಆಡು ಮರ ಹುಡುಕುತ್ತದೆ. ಆಡಿನ ಬುದ್ಧಿ, ಹೋಗಲಿ. ಬುಡಕ್ಕೆ ಬೆನ್ನು ಕೊಟ್ಟು ಕಂಬಳಿ ಹೊದ್ದು ಕೂತಿದ್ದಾನಲ್ಲ ಈ ಮಹಾರಾಯ, ಇವನಿಗೇನು ಧಾಡಿ!

ಫೋನ್ ಹಚ್ಚಿದಳು. ಸ್ವಿಚ್ ಆಫ್. ಆ ಒಂದು ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದ ಪುಣ್ಯಾತ್ಮ.

"ಏನ್ರೀ! ಮರ ಬಿಟ್ಟು ಬರ್ರೀ!"

"ಆಡು ಬಿಟ್ಟು ಹ್ಯಾಂಗ ಬರ್ಲಿ? ಹೊಡದ್ರೂ ಏಳವಲ್ಲವು!" ಎಂದು ಅಲ್ಲಿಂದಲೇ ಕೂಗಿದ.

ಸಖುಬಾಯಿಯ ಬೆನ್ನಿಗೆ ಹುಟ್ಟಿದ ತಮ್ಮ ದೇವಿದಾಸ ಇಂಥದ್ದೇ ಮರದ ಕೆಳಗೆ ಕುರಿಗಳ ಜೊತೆ ಸುಟ್ಟು ಬಿದ್ದಿದ್ದ. ಆ ಹೆಣವನ್ನು ಅವಳು ಕಣ್ಣಾರೆ ಕಂಡಿದ್ದಳು.

ಗುಡುಗು ಹತ್ತಿರ ಬಂತು. ಏನು ಮಾಡಲಿ ಎಂದು ತಿರುಗಿದರೆ ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದ ಮರಿಗಳು ಹಸಿದು ಒದ್ದಾಡುತ್ತಿದ್ದವು. ಅವಳು ಬುಟ್ಟಿ ಕಿತ್ತೆಸೆದು ಎರಡು ಮರಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲಿಗೆ ತಂದು, ಒಂದರ ಕಿವಿ ಹಿಂಡಿದಳು. ಮರಿ ಚೀರಿತು. ಉಳಿದವೂ ಚೀರಿದವು.

ಮರದ ಕೆಳಗೆ ಒಂದು ತಾಯಾಡು ತಲೆ ಎತ್ತಿತು. ಕೆಚ್ಚಲು ಬಿಗಿದಿತ್ತಲ್ಲ, ಮಳೆಯೂ ಬೇಡ ಮರವೂ ಬೇಡ, ಓಡಿತು. ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಹಿಂಡು. "ಏ, ಮರಿ ಬಿಟ್ಟವ್ರು ಯಾರು!" ಎಂದು ಬೈಯುತ್ತ ಪಂಡರಿಯೂ ಎದ್ದು ಹಿಂದೆ ಬಂದ.

ಬದುಕಿತು ಜೀವ ಅಂದುಕೊಳ್ಳುವಷ್ಟರಲ್ಲಿ ಅವನು ಅರ್ಧ ಹೊಲದಲ್ಲಿ ನಿಂತುಬಿಟ್ಟ. ಕರಿ ಆಡು ಬಂದಿರಲಿಲ್ಲ. ಮೊನ್ನೆಯಷ್ಟೇ ಅದರ ಮರಿ ಸತ್ತಿತ್ತು. ಕರೆಯುವವರಿಲ್ಲದೆ ಅದು ಮರದ ಕೆಳಗೇ ಉಳಿದಿತ್ತು. ಪಂಡರಿ ಅದರ ಕಡೆ ತಿರುಗಿದ.

"ಬ್ಯಾಡ್ರೀ! ನಿಮ್ಮ ಕಾಲು ಬೀಳ್ತೀನಿ, ಬ್ಯಾಡ!"

ಅವನು ಕೇಳಲಿಲ್ಲ. ಯಾವತ್ತು ಕೇಳಿದ್ದ? ಸಖುಬಾಯಿಗೆ ಅಳುವೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂದವು. ಮರಿಗಳನ್ನು ಒಳಗೆ ತಳ್ಳಿ, ಹೊರಗೆ ಹೋಗಿ, ಸುರಿಯತೊಡಗಿದ ಮಳೆಯಲ್ಲಿ ಹೊಲದ ನಡುವೆ ಕುಕ್ಕರಿಸಿ ಕೂತಳು.

"ನಾ ಇಲ್ಲೇ ಕುಂತೀನಿ!" ಎಂದು ಚೀರಿದಳು. "ನೀವು ಬಂದ್ರ ಏಳ್ತೀನಿ, ಇಲ್ಲಾಂದ್ರ ಇಲ್ಲ!"

ಪಂಡರಿ ಹಿಂದಿರುಗಿ ನೋಡಿದ. ಒಮ್ಮೆ ಆಡನ್ನು ನೋಡಿದ, ಒಮ್ಮೆ ಹೆಂಡತಿಯನ್ನು. ಮರುಕ್ಷಣ ಕಂಬಳಿ ಬಿಸಾಕಿ ಅವಳತ್ತ ಓಡಿಬಂದ, ರಟ್ಟೆ ಹಿಡಿದು ಎಬ್ಬಿಸಿ ದರದರ ಎಳೆದುಕೊಂಡು ಮನೆಯೊಳಗೆ ನುಗ್ಗಿದ. ಬಾಗಿಲು ದಾಟಿದ್ದಷ್ಟೇ, ಕಣ್ಣು ಕುರುಡಾಗುವಂಥ ಬೆಳಕು, ನೆಲ ನಡುಗುವಂಥ ಸದ್ದು.

ಕಣ್ಣು ಬಿಟ್ಟಾಗ ಹುಣಸೆಮರ ನಡುವೆ ಸೀಳಿ ಹೊಗೆಯಾಡುತ್ತಿತ್ತು. ಕರಿ ಆಡು ಅಡ್ಡ ಬಿದ್ದಿತ್ತು, ಅವನು ಬೆನ್ನು ಕೊಟ್ಟು ಕೂತಿದ್ದ ಜಾಗದಲ್ಲೇ.

ಆಡು ಮರಿಗಳ ಗದ್ದಲದ ನಡುವೆ ನಿಂತು ಪಂಡರಿ ಹೆಂಡತಿಯ ಮೇಲೆ ಹರಿಹಾಯ್ದ. "ಹುಚ್ಚು ಹಿಡದದೇನ್ ನಿನಗ? ಬಯಲಾಗ ಕುಂತಿದ್ದಿ! ಸಿಡಿಲು ಬಡೀತದಂತ ಗೊತ್ತಿಲ್ಲೇನು?"

"ನಿಮಗ ಗೊತ್ತದಲ್ಲ?" ಎಂದಳು ಸಖುಬಾಯಿ, ಹಲ್ಲು ಕಟಕಟಿಸುತ್ತ. "ಮತ್ತ ಇಷ್ಟೊತ್ತನಕ ನಾ ಏನ್ ಹೇಳಾಕತ್ತಿದ್ದೆ?"

ಪಂಡರಿ ಒಂದೇ ಕೈಯಿಂದ ಬಾಗಿಲು ಮುಚ್ಚಿ ಚಿಲಕ ಹಾಕಿದ. ಅವಳ ಒದ್ದೆ ರಟ್ಟೆಯನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.